ಮರಾಠಿ ಕ್ಲಾಸಿನ ಐದನೆಯವಳು

ನಾನು ಬಿ.ಎ. ಮಾಡಿದ್ದು ಮರಾಠಿ ವಿಷಯ ತೆಗೆದುಕೊಂಡು. ಹೀಗೆಂದರೆ ನಮ್ಮ ಕಡೆಯವರಲ್ಲದವರು ಹುಬ್ಬೇರಿಸುತ್ತಾರೆ. ನೀವು ಕನ್ನಡದವರಲ್ಲವೇ ಎಂದು ಕೇಳುತ್ತಾರೆ. ಕನ್ನಡದವಳೇ ಮಹರಾಯರೆ. ಶೇಡಬಾಳದ ಮಗಳು, ನಿಪ್ಪಾಣಿಯ ಸೊಸೆ. ನಮ್ಮಪ್ಪ ಎತ್ತುಗಳಿಗೆ ಕನ್ನಡದಲ್ಲಿ ಬೈಯುತ್ತಿದ್ದ, ಮಿರಜಿನ ವ್ಯಾಪಾರಿಗೆ ಮರಾಠಿಯಲ್ಲಿ ಬೈಯುತ್ತಿದ್ದ, ಬಸದಿಗೆ ಹೋದರೆ ಕೈಮುಗಿದು ಪ್ರಾಕೃತದ ಮಂತ್ರ ಹೇಳುತ್ತಿದ್ದ. ನಮಗೆ ಭಾಷೆ ಎಂದರೆ ಅಷ್ಟೇ, ಎಲ್ಲಿಗೆ ಯಾವುದು ಸಲ್ಲುತ್ತದೋ ಅದು. ಆದರೆ ಪುಸ್ತಕ ಹಿಡಿದು ಮರಾಠಿ ಓದಿದ್ದು ನನ್ನ ಇಚ್ಛೆಯಿಂದಲ್ಲ. ಸಮುದ್ರದಾಚೆಯಿಂದ ಬಂದ ಒಬ್ಬ ಹುಡುಗಿಯ ಸಲುವಾಗಿ ಓದಿದೆ.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಶೇಡಬಾಳದಿಂದ ದಿನಾ ಕೆಂಪು ಬಸ್ಸು ಹತ್ತಿ ಅಥಣಿಗೆ ಹೋಗಿ ಬಿ.ಎ. ಮೊದಲ ವರ್ಷ ಮುಗಿಸಿದ್ದೆ. ಪಾಸಾದ ಸುದ್ದಿ ಬಂದ ವಾರದಲ್ಲೇ ನಿಪ್ಪಾಣಿಯ ಬೀಗರೂ ಬಂದರು. ಮಾತುಕತೆ ನಡೆಯುವಾಗ ಮಾವನವರು, ಓದಿದ್ದು ಸಾಕು, ಇನ್ನೇನು ಮನೆಯ ಲೆಕ್ಕ ಬರೆಯಲು ಬಂದರೆ ಆಯಿತು ಎಂದರು. ನಮ್ಮಪ್ಪ ತಲೆಯಾಡಿಸಿದ. ಒಳಗೆ ನಾನು ಚಹಾದ ಕಪ್ಪುಗಳನ್ನು ತುಸು ಜೋರಾಗಿಯೇ ಇಟ್ಟೆ. ಯಾರಿಗೂ ತಿಳಿಯಲಿಲ್ಲ, ಅಥವಾ ತಿಳಿದೂ ಸುಮ್ಮನಾದರು. ಹಾಗೆ ನನ್ನ ಕಾಲೇಜು ಮುಗಿಯಿತು.

ನಿಪ್ಪಾಣಿಗೆ ಬಂದವರಿಗೆ ಮೊದಲು ಹತ್ತುವುದು ತಂಬಾಕಿನ ಘಾಟು. ಬಸ್ ನಿಲ್ದಾಣದಲ್ಲಿ ಇಳಿಯುತ್ತಲೇ ಸೀನು. ನಾನು ಮೊದಲ ಆರು ತಿಂಗಳು ಸೀನಿದೆ, ಆಮೇಲೆ ಶೇಡಬಾಳಕ್ಕೆ ಹೋದಾಗ ಗಾಳಿಯಲ್ಲಿ ಏನೋ ಕಡಿಮೆ ಇದೆ ಅನ್ನಿಸತೊಡಗಿತು. ನಮ್ಮ ಓಣಿಯಲ್ಲಿ ಅರ್ಧ ಮನೆಗಳ ಕಟ್ಟೆಯ ಮೇಲೆ ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಮ್ಮದು ಕಬ್ಬಿನ ಮನೆ. ಗಂಡ ಬೆಳಗಾದರೆ ಹೊಲಕ್ಕೆ, ಹಂಗಾಮು ಬಂದರೆ ಸಕ್ಕರೆ ಕಾರ್ಖಾನೆಯ ಗೇಟಿಗೆ. ಹಿತ್ತಿಲಲ್ಲಿ ಬೇರೆ ಬಾಗಿಲಿನ ಒಂದು ಕೋಣೆ ಇತ್ತು. ಆ ಕೋಣೆಗೇ ಬಂದಳು ಅವಳು.

ಅವಳು ಮಾರಿಷಸ್ ದ್ವೀಪದವಳು. ಅವಳ ಅಜ್ಜನ ಅಜ್ಜ ಕೊಂಕಣದಿಂದ ಹಡಗು ಹತ್ತಿ ಅಲ್ಲಿಗೆ ಕಬ್ಬು ಕಡಿಯಲು ಹೋದವನಂತೆ. ಮನೆಯಲ್ಲಿ ಮರಾಠಿ ಇನ್ನೂ ಉಳಿದಿತ್ತು, ಆದರೆ ಎಂಥ ಮರಾಠಿ! ನಮ್ಮ ಅತ್ತೆಯ ಅಜ್ಜಿ ಆಡುತ್ತಿದ್ದ ಶಬ್ದಗಳೆಲ್ಲ ಅವಳ ಬಾಯಲ್ಲಿ. ಪಟ್ಟಣದ ಹುಡುಗಿ, ಫ್ರಾಕು ಹಾಕುವವಳು, ಸಿಟ್ಟು ಬಂದರೆ ಫ್ರೆಂಚಿನಲ್ಲಿ ಗೊಣಗುವವಳು, ಮರಾಠಿ ಆಡಿದರೆ ಮಾತ್ರ ನೂರು ವರ್ಷದ ಮುದುಕಿ. ಆ ಭಾಷೆಯನ್ನು ನೆಟ್ಟಗೆ ಓದಿ ತನ್ನ ದ್ವೀಪದ ಶಾಲೆಯಲ್ಲಿ ಕಲಿಸಬೇಕೆಂದು ಸರಕಾರದ ವಿದ್ಯಾರ್ಥಿವೇತನ ಪಡೆದು ಬಂದಿದ್ದಳು. ಪುಣೆ, ಮುಂಬೈ ಬಿಟ್ಟು ನಿಪ್ಪಾಣಿಗೆ ಯಾಕೆ ಹಾಕಿದರೆಂಬುದು ಅವಳಿಗೂ ಗೊತ್ತಿರಲಿಲ್ಲ. ದಿಲ್ಲಿಯ ಯಾವನೋ ಸಾಹೇಬ ಕಣ್ಣು ಮುಚ್ಚಿ ನಕಾಶೆಯ ಮೇಲೆ ಬೆರಳಿಟ್ಟಿರಬೇಕು ಎಂದು ನಮ್ಮ ಮಾವ ಹೇಳುತ್ತಿದ್ದರು.

ಅವಳನ್ನು ನಮ್ಮ ಮನೆಗೆ ಕರೆತಂದವರು ಕಾಲೇಜಿನ ಮರಾಠಿ ಪ್ರಾಧ್ಯಾಪಕರು. ಬಿಳಿ ಟೊಪ್ಪಿಗೆಯ, ಮೆಲು ಮಾತಿನ ಮನುಷ್ಯ. ಜೈನರ ಮನೆ, ಮಾಂಸ ಮೊಟ್ಟೆ ಇಲ್ಲ, ಹೊತ್ತು ಮುಳುಗುವ ಮೊದಲೇ ಊಟ ಎಂದು ಅತ್ತೆ ಮೊದಲೇ ಹೇಳಿಬಿಟ್ಟರು. ಹುಡುಗಿ ಎಲ್ಲಕ್ಕೂ ಹೂಂ ಎಂದಳು. ಮೊದಲ ವಾರ ರಾತ್ರಿ ಹಸಿದು ಬಿಸ್ಕಿಟು ತಿಂದಳೆಂದು ಕಾಣುತ್ತದೆ. ಆಮೇಲೆ ಐದು ಗಂಟೆಗೇ ತಾಟು ಹಿಡಿದು ಒಲೆಯ ಮುಂದೆ ಕೂರತೊಡಗಿದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಓದು ಬಿಟ್ಟು ಬರುತ್ತಿದ್ದಳು. ಕಬ್ಬು ಕಂಡರೆ ಮಾತ್ರ ಅವಳಿಗೆ ತನ್ನ ಊರಿಗೆ ಬಂದಂತಾಗುತ್ತಿತ್ತು. ಹಲ್ಲಿನಿಂದ ಸಿಪ್ಪೆ ಸುಲಿಯುವುದರಲ್ಲಿ ನನ್ನ ಗಂಡನನ್ನೂ ಮೀರಿಸಿದಳು. ಅತ್ತೆಗೆ ಆಯಿ, ಮಾವನಿಗೆ ಅಪ್ಪಾರು, ನನಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು. ಒಂದು ವರ್ಷದಲ್ಲಿ ಅವಳು ಬಾಡಿಗೆಯವಳು ಎಂಬುದು ನಮಗೇ ಮರೆತುಹೋಗಿತ್ತು. ಕನ್ನಡ ಕೂಡ ನಮ್ಮ ಅಡುಗೆಮನೆಯಲ್ಲೇ ಕಲಿತಳು. ಹಾಗಾಗಿ ಬೈಗುಳ ಮೊದಲು ಬಂತು, ವ್ಯಾಕರಣ ಆಮೇಲೆ.

ಎರಡನೇ ವರ್ಷದ ಕಾಲೇಜು ಶುರುವಾದ ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಅವಳು ಬೇಗ ಮನೆಗೆ ಬಂದು ಒಳಕಲ್ಲಿನ ಹತ್ತಿರ ಕುಕ್ಕರಿಸಿ ಅಳತೊಡಗಿದಳು. ಯಾರಾದರೂ ಸತ್ತರೇನೋ ಎಂದು ಓಡಿ ಬಂದೆ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳಿದದ್ದು ಇಷ್ಟು. ಮೊದಲ ವರ್ಷ ಮರಾಠಿ ಐಚ್ಛಿಕ ತೆಗೆದುಕೊಂಡವರು ಅವಳೂ ಸೇರಿ ಐದು ಮಂದಿ. ಅದರಲ್ಲಿ ಒಬ್ಬ ಮಿಲಿಟರಿಗೆ ಭರ್ತಿಯಾಗಿ ಹೋಗಿಬಿಟ್ಟ. ಉಳಿದದ್ದು ನಾಲ್ಕು. ಐದಕ್ಕಿಂತ ಕಡಿಮೆಯಾದರೆ ಆ ಕ್ಲಾಸು ನಡೆಸುವಂತಿಲ್ಲ ಎಂಬುದು ಕಾಲೇಜಿನ ನಿಯಮ. ಪ್ರಿನ್ಸಿಪಾಲರು ಒಳ್ಳೆಯವರೇ, ಈ ವರ್ಷ ಒಂದು ವಿಷಯ ಕಡಿಮೆ ಓದಿ, ಮುಂದೆ ಬೇರೆ ವಿಷಯ ಕಟ್ಟಿ ಸರಿದೂಗಿಸಿ ಎಂದು ಎಲ್ಲರಿಗೂ ಹೇಳಿದರಂತೆ. ಊರ ಹುಡುಗರಿಗೆ ಒಂದು ತಾಸು ಓದು ತಪ್ಪಿತು, ಖುಷಿ. ಆದರೆ ಇವಳಿಗೆ ಹಾಗಲ್ಲ. ಹೊರದೇಶದಿಂದ ಓದಲು ಬಂದವರು ಪೂರ್ಣಾವಧಿಯ ವಿದ್ಯಾರ್ಥಿಯಾಗಿಯೇ ಇರಬೇಕು, ಆ ವರ್ಷದ ಎಲ್ಲ ವಿಷಯವನ್ನೂ ಆ ವರ್ಷವೇ ಓದಬೇಕು. ಒಂದು ವಿಷಯ ಕಡಿಮೆಯಾದರೂ ಅರೆ ವಿದ್ಯಾರ್ಥಿ ಎಂದಾಗುತ್ತದೆ. ವೇತನ ನಿಲ್ಲುತ್ತದೆ, ಬೆಳಗಾವಿಯ ಪೊಲೀಸ್ ಕಚೇರಿಯಲ್ಲಿ ಇರಲು ಕೊಟ್ಟ ಪರವಾನಗಿಯೂ ಮುಂದುವರಿಯುವುದಿಲ್ಲ. ಗಂಟುಮೂಟೆ ಕಟ್ಟಿಕೊಂಡು ದ್ವೀಪಕ್ಕೆ ಹೋಗಬೇಕು. ಅದೂ ಯಾವ ವಿಷಯ ಕಲಿಯಲು ಸಮುದ್ರ ದಾಟಿ ಬಂದಿದ್ದಳೋ ಅದೇ ವಿಷಯ ಇಲ್ಲವೆಂದು.

ನನಗೆ ಆ ನಿಯಮ ಮಾಡಿದವರ ಮೇಲೆ ಕೆಂಡದಂಥ ಸಿಟ್ಟು ಬಂತು. ಒಂದು ತಾಸಿನ ಪಾಠಕ್ಕಾಗಿ ಒಂದು ಜೀವವನ್ನು ಊರು ಬಿಡಿಸುವುದೇ? ಅತ್ತೆಗೆ ಸಿಟ್ಟು ಬರಲಿಲ್ಲ. ಅವರು ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಅಂದ್ರ ಒಂದ ಆಳ ಕಮ್ಮಿ ಬಿದ್ದೈತಿ, ಹೌದಿಲ್ಲೋ?"

ಹುಡುಗಿ ಮೂಗು ಒರೆಸಿಕೊಂಡು ಹೌದು ಎಂದಳು. ಅತ್ತೆ ಮೊರ ಬದಿಗಿಟ್ಟು ಸೆರಗು ಸರಿಮಾಡಿಕೊಂಡು ಎದ್ದರು.

ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿ ಇದೆ. ನಿಮ್ಮ ಹೊಲದಲ್ಲಿ ಕಸ ತೆಗೆಯಲು ಕೈ ಸಾಲದಿದ್ದರೆ ನಮ್ಮ ಮನೆಯವರು ಬಂದು ಒಂದು ದಿನ ಬಾಗಿ ಎದ್ದು ಹೋಗುತ್ತಾರೆ. ಕೂಲಿ ಇಲ್ಲ. ನಮ್ಮ ಹೊಲಕ್ಕೆ ಬೇಕಾದ ದಿನ ನೀವು ಬರಬೇಕು, ಅಷ್ಟೇ. ಅತ್ತೆ ಆ ಸಂಜೆ ಓಣಿಯ ಮನೆಮನೆಗೂ ಹೋಗಿ ಮುಯ್ಯಾಳು ಕೇಳಿ ಬಂದರು. ಶೇಂಗಾ ಹೊಲಕ್ಕಲ್ಲ, ಮರಾಠಿ ಕ್ಲಾಸಿಗೆ.

ಮರುದಿನ ನಮ್ಮ ಓಣಿಯ ಆರು ಹೆಂಗಸರು ಹಬ್ಬದ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಕಾಲೇಜಿಗೆ ಹೊರಟರು. ಮುಂದೆ ಅತ್ತೆ, ಹಿಂದೆ ಆ ಹುಡುಗಿ, ಅವಳಿಗೆ ನಗಬೇಕೋ ಅಳಬೇಕೋ ತಿಳಿಯದು. ಎದುರು ಮನೆಯ ಬೀಡಿ ಕಟ್ಟುವಾಕೆ, ಸುಮ್ಮನೆ ಕೂತು ಬರುವುದೇನು, ಕೈಗೆ ಕೆಲಸವಿರಲಿ ಎಂದು ಮೊರವನ್ನೂ ತಂದಿದ್ದಳು. ನನ್ನನ್ನು ಕರೆದುಕೊಂಡು ಹೋದದ್ದು ಚಪ್ಪಲಿ ಕಾಯಲು. ಸರಸ್ವತಿ ಇರುವ ಜಾಗ ಎಂದು ಎಲ್ಲರೂ ಕ್ಲಾಸಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದರು. ಕಾಲೇಜಿನ ಅಂಗಳದಲ್ಲಿ ನಾಯಿಗಳ ಕಾಟ. ಅಥಣಿಯ ಕಾಲೇಜಿನಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ನಾನು ಇಲ್ಲಿ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿಯ ಸಾಲು ನೋಡುತ್ತ ನಿಂತೆ. ಹಣೆಬರಹ ಎಂದುಕೊಂಡೆ.

ಪ್ರಾಧ್ಯಾಪಕರು ಒಳಗೆ ಬಂದು ಬೆಂಚುಗಳನ್ನು ನೋಡಿದರು. ಮೂವರು ಹುಡುಗರು ಹಿಂದಿನ ಗೋಡೆಗೆ ಅಂಟಿಕೊಂಡಿದ್ದರು. ಮುಂದೆ ಓಣಿಯ ಹೆಂಗಸರು, ತೊಡೆಯ ಮೇಲೆ ಕೈಯಿಟ್ಟು, ಸ್ವಾಮಿಗಳ ಪ್ರವಚನಕ್ಕೆ ಬಂದವರ ಹಾಗೆ. ಅವರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಗದರಿಸಿ ಕಳಿಸುತ್ತಿದ್ದರು. ಅವರು ಪುಸ್ತಕ ಮುಚ್ಚಿ, ನಿಮ್ಮಲ್ಲಿ ಬೀಸುವ ಹಾಡು ಯಾರಿಗೆ ಬರುತ್ತದೆ ಎಂದು ಕೇಳಿದರು. ಮೊದಲು ಎಲ್ಲರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಬೀಡಿಯಾಕೆ ಮರಾಠಿಯ ಒಂದು ಹಾಡು ಎತ್ತಿದಳು, ಅತ್ತೆ ಅದೇ ಧಾಟಿಗೆ ಕನ್ನಡದ್ದು ಹೇಳಿದರು, ಅದಕ್ಕೆ ಆ ಹುಡುಗಿ ತನ್ನ ದ್ವೀಪದ ಅಜ್ಜಿಯ ಹಾಡು ಸೇರಿಸಿದಳು. ನಾನು ಚಪ್ಪಲಿ ಮರೆತು ಬಾಗಿಲಿಗೆ ಒರಗಿ ಕೇಳಿದೆ. ಅಂಥ ಕ್ಲಾಸು ನಾನು ಆಮೇಲೆ ಕಂಡಿಲ್ಲ.

ಹಾಡಿನ ಸಪ್ಪಳಕ್ಕೆ ಪ್ರಿನ್ಸಿಪಾಲರು ಬಂದರು. ಬೀಡಿಯ ಮೊರ ನೋಡಿ ಅವರ ಮುಖ ಹೇಗಾಯಿತೆಂದು ಹೇಳಲಾರೆ. ಆದರೂ ಮರ್ಯಾದೆ ಬಿಡಲಿಲ್ಲ. ಕ್ಲಾಸಿಗೆ ಬರೀ ತಲೆ ಎಣಿಸಿದರೆ ಆಗದು, ಹಾಜರಿಯಲ್ಲಿ ಹೆಸರು ಬೇಕು ಎಂದು ತಿಳಿಸಿ ಹೇಳಿದರು. ಹೆಸರು ಹಚ್ಚಬೇಕಾದರೆ ಮೊದಲ ವರ್ಷ ಪಾಸಾಗಿರಬೇಕು, ವರ್ಷವಿಡೀ ಬರಬೇಕು, ಪರೀಕ್ಷೆಗೂ ಕೂರಬೇಕು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಂದು ದಿನದ ಮುಯ್ಯಿ ಸರಿ, ವರ್ಷದ ಮುಯ್ಯಿ ಯಾರು ಕೊಡುತ್ತಾರೆ? ಅತ್ತೆ ಮಾತ್ರ ಬಾಗಿಲ ಕಡೆ ತಿರುಗಿದರು.

"ಹಂಗಾದ್ರ ನಮ್ಮ ಸೊಸಿ ಹೆಸರ ಬರಕೋರಿ, ಸಾಹೇಬ್ರ. ಅಥಣಿಯೊಳಗ ಒಂದ ವರ್ಷ ಪಾಸಾಗ್ಯಾಳ."

ನಾನು ಚಪ್ಪಲಿಗಳನ್ನು ಅಲ್ಲೇ ಬಿಟ್ಟು ಒಳಗೆ ಬಂದೆ. ಖುಷಿಗೋ ಹೆದರಿಕೆಗೋ, ಈಗಲೂ ಸರಿಯಾಗಿ ಹೇಳಲಾರೆ. ಮರಾಠಿ ಬರೆಯಲು ನನಗೆ ಬರುತ್ತಿರಲಿಲ್ಲ. ಹಿಂದಿ ಕಲಿತಿದ್ದರಿಂದ ಅಕ್ಷರ ಗೊತ್ತಿತ್ತು, ಬಾಜಾರಿನ ಮಾತು ಗೊತ್ತಿತ್ತು, ಅಷ್ಟೇ. ಪ್ರಾಧ್ಯಾಪಕರು ಅಷ್ಟು ಸಾಕು, ಉಳಿದದ್ದು ನಾನು ಕಲಿಸುತ್ತೇನೆ ಎಂದರು. ಪ್ರಿನ್ಸಿಪಾಲರು ಮನೆಯ ಹಿರಿಯರು ಒಪ್ಪಿ ಬಂದು ಹೇಳಲಿ ಎಂದರು.

ಮನೆಯ ಹಿರಿಯರು ಎಂದರೆ ಮಾವ. ಅವರು ಕಟ್ಟಾ ಕನ್ನಡಾಭಿಮಾನಿ. ಗಡಿಯ ಗದ್ದಲದ ಕಾಲ ಅದು. ಸಂಜೆ ಚಾವಡಿ ಕಟ್ಟೆಯ ಮೇಲೆ ಕೂತು ಕನ್ನಡದ ಪೇಪರು ಓಣಿಗೆಲ್ಲ ಕೇಳುವ ಹಾಗೆ ಓದುತ್ತಿದ್ದರು. ಎದುರಿನ ಕಟ್ಟೆಯವರು ಮರಾಠಿ ಪೇಪರು ಓದುತ್ತಿದ್ದರು. ಸಿಟ್ಟು ನೆತ್ತಿಗೇರಿದರೆ ಮಾತ್ರ ಮಾವ ಬೈಯುವುದು ಮರಾಠಿಯಲ್ಲೇ. ಅವತ್ತೂ ಅರ್ಧ ಮಾತು ಮರಾಠಿಯಲ್ಲೇ ಬಂತು. ಕನ್ನಡದ ಮನೆಯ ಸೊಸೆ ಹೋಗಿ ಮರಾಠಿ ಕ್ಲಾಸು ಉಳಿಸುವುದೆಂದರೆ ನಾಳೆ ನಾನು ಕಟ್ಟೆಯ ಮೇಲೆ ಹೇಗೆ ಕೂರಲಿ ಎಂದು ಕೇಳಿದರು. ಅತ್ತೆ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

"ಮನಿಗೆ ಬಂದ ಹುಡಿಗಿನ್ನ ಪೊಲೀಸ್ರು ಊರ ಬಿಡಿಸಿದ್ರ ಹೆಂಗ ಕುಂಡ್ರತೀರಿ?"

ಮಾವ ರೊಟ್ಟಿ ಮುರಿದರು, ತಿಂದರು, ನೀರು ಕುಡಿದರು. ನಾನು, ನನ್ನ ಗಂಡ, ಆ ಹುಡುಗಿ ಮೂವರೂ ಅವರ ತಾಟನ್ನೇ ನೋಡುತ್ತ ಕೂತಿದ್ದೆವು. ಹೊತ್ತು ಮುಳುಗುತ್ತಿತ್ತು. ಕೊನೆಗೆ ಕೈ ತೊಳೆಯುತ್ತ ನನ್ನ ಕಡೆ ನೋಡದೆ ಹೇಳಿದರು.

"ಅಕಿ ಇರೂತನಕ ಅಷ್ಟ. ಅಕಿ ನಿಪ್ಪಾಣಿ ಬಿಟ್ಟ ದಿನ ನಿಂದೂ ಕಾಲೇಜ್ ಬಂದ್."

ಹೀಗೆ ನಾನು ಮರಾಠಿ ಕ್ಲಾಸಿನ ಐದನೆಯವಳಾದೆ.

ಆ ವರ್ಷದಷ್ಟು ನಾನು ಎಂದೂ ನಕ್ಕಿಲ್ಲ, ಎಂದೂ ದಣಿದಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಕಟ್ಟಿ, ಸೀರೆ ಬದಲಿಸಿ ಓಡುವುದು. ಓಣಿಯ ಕಟ್ಟೆಗಳಿಂದ ಮಾತುಗಳು ತೂರಿ ಬರುತ್ತಿದ್ದವು. ಸೊಸೆ ಬ್ಯಾರಿಸ್ಟರ್ ಆಗಲು ಹೊರಟಳು ಎಂದು ಒಬ್ಬಾಕೆ, ಗಂಡನಿಗಿಂತ ಹೆಚ್ಚು ಓದಿದರೆ ಬೆಳೆ ಕೈಗೆ ಹತ್ತುವುದಿಲ್ಲ ಎಂದು ಇನ್ನೊಬ್ಬಾಕೆ. ಸಂಜೆ ಒಲೆಯ ಮುಂದೆ ಆ ಹುಡುಗಿ ನನಗೆ ಮರಾಠಿ ಪಾಠ ಓದಿ ಹೇಳುವಳು, ನಾನು ಅವಳಿಗೆ ಇತಿಹಾಸದ ಟಿಪ್ಪಣಿ ಬರೆದುಕೊಡುವೆ. ನನ್ನ ನಾಲಿಗೆಯೂ ಸುಮ್ಮನಿರುತ್ತಿರಲಿಲ್ಲ. ನೀರು ಸೇದಿ ಕೊಡು, ಬಳ್ಳೊಳ್ಳಿ ಸುಲಿ, ನನ್ನ ಜಡೆ ಹಾಕು, ನಾನಿಲ್ಲದಿದ್ದರೆ ಇಷ್ಟು ಹೊತ್ತಿಗೆ ನಿನ್ನ ದ್ವೀಪದಲ್ಲಿ ಮೀನು ಎಣಿಸುತ್ತಿದ್ದಿ ಎಂದು ದಿನಾ ಛೇಡಿಸುತ್ತಿದ್ದೆ. ಹೌದು ವೈನಿ, ನಿಮ್ಮಿಂದಲೇ ನನ್ನ ಓದು ಎಂದು ಅವಳು ನಗುತ್ತಲೇ ಎದ್ದು ನೀರು ಸೇದುತ್ತಿದ್ದಳು. ನನಗೂ ಒಳಗೊಳಗೆ ಹೆಮ್ಮೆ. ಜೀವನದಲ್ಲಿ ಮೊದಲ ಸಲ ಯಾರೋ ಒಬ್ಬರು ನನ್ನನ್ನು ನಂಬಿಕೊಂಡಿದ್ದಾರೆ ಅನ್ನಿಸುತ್ತಿತ್ತು.

ದೀಪಾವಳಿ ಹೊತ್ತಿಗೆ ನನಗೆ ದಿನ ನಿಂತು ಮೂರು ತಿಂಗಳೆಂದು ತಿಳಿಯಿತು. ಮನೆಯಲ್ಲಿ ಸಂಭ್ರಮ. ಏಳನೇ ತಿಂಗಳಿಗೆ ಸೀಮಂತದ ಕುಬಸ ಮಾಡಿದರು. ಶೇಡಬಾಳದಿಂದ ನಮ್ಮವ್ವ ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಉಂಡೆ ತಂದಳು. ಆರತಿ ಮುಗಿದ ಮೇಲೆ ರೂಢಿಯಂತೆ ಮಗಳನ್ನು ಕರೆದುಕೊಂಡು ಹೋಗಲು ಸಿದ್ಧಳಾದಳು. ಚೊಚ್ಚಲ ಹೆರಿಗೆ ತವರಿನದು. ಅದು ನಮ್ಮ ಕಡೆ ಕಲ್ಲಿನ ಮೇಲೆ ಕೊರೆದ ಮಾತು. ಆದರೆ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ನಾನು ಶೇಡಬಾಳಕ್ಕೆ ಹೋದರೆ ಹಾಜರಿ ತಪ್ಪುತ್ತದೆ, ಹೆಸರು ತೆಗೆಯುತ್ತಾರೆ. ಮತ್ತೆ ಕ್ಲಾಸಿಗೆ ನಾಲ್ಕೇ ಜನ. ಮತ್ತೆ ಅದೇ ನಿಯಮ, ಮತ್ತೆ ಅವಳ ಗಂಟುಮೂಟೆ.

ನಿಜ ಹೇಳುತ್ತೇನೆ, ನನಗೆ ಹೋಗಬೇಕಿತ್ತು. ಕಾಲು ಬಾತಿದ್ದವು, ಏನು ತಿಂದರೂ ಸೇರುತ್ತಿರಲಿಲ್ಲ. ಅವ್ವನ ಕೈಯ ಸಾರು, ನಮ್ಮ ಮನೆಯ ಹಿಂದಿನ ದ್ರಾಕ್ಷಿಯ ಚಪ್ಪರ, ಉಗಾರದ ಕಡೆಯಿಂದ ಬರುವ ಹೊಳೆಯ ಗಾಳಿ, ಅಷ್ಟೇ ಬೇಕಿತ್ತು. ಯಾರದೋ ವೀಸಾ, ಯಾರದೋ ಹಾಜರಿ ಎಂದು ಬೇಸರ ಬಂದಿತ್ತು. ಆ ಹುಡುಗಿ ಬಂದು ನನ್ನ ಕಾಲ ಹತ್ತಿರ ಕೂತು ಪಾದ ಒತ್ತತೊಡಗಿದಳು. ಹೋಗಬ್ಯಾಡ್ರಿ ವೈನಿ ಎಂದು ಮೆಲ್ಲಗೆ ಅಂದಳು. ಎಂಥ ಸ್ವಾರ್ಥಿ ಇವಳು ಎಂದು ನಾನು ಮುಖ ತಿರುಗಿಸಿದೆ.

ಹೊರಗೆ ಬೀಗತಿಯರ ಜಗಳ ನಡೆದಿತ್ತು. ಅವ್ವ ದನಿ ಏರಿಸುವವಳಲ್ಲ, ಅವತ್ತು ಏರಿಸಿದಳು. ಮೊದಲ ಹೆರಿಗೆಗೆ ಮಗಳನ್ನು ಕರೆಯದಿದ್ದರೆ ಶೇಡಬಾಳದಲ್ಲಿ ನಮಗೆ ಗತಿಯಿಲ್ಲವೆಂದು ಮಾತಾಗುತ್ತದೆ ಎಂದಳು. ಹಕ್ಕು ನಮ್ಮದು, ಬಿಡುವುದಿಲ್ಲ ಎಂದಳು. ಅತ್ತೆ ಆ ಮಾತಿಗೇ ಕಾದಿದ್ದವರಂತೆ ಹೇಳಿದರು.

"ಹಕ್ಕ ನಿಮ್ದ ಇರ್ಲಿ ಬೀಗತಿ, ಜಾಗಾ ಅಷ್ಟ ನಮ್ದ ಇರ್ಲಿ. ನೀವ ಇಲ್ಲಿ ಬಂದ ಬಾಣಂತನ ಮಾಡ್ರಿ."

ಮಗಳ ಗಂಡನ ಮನೆಯಲ್ಲಿ ತಿಂಗಳುಗಟ್ಟಲೆ ಉಣ್ಣುವುದೇ? ಅವ್ವ ಮುಖ ಉಬ್ಬಿಸಿಕೊಂಡು ಬಸ್ಸು ಹತ್ತಿದಳು. ಇನ್ನು ಅವಳು ನನ್ನ ಮುಖ ನೋಡುವುದಿಲ್ಲ ಎಂದು ನಾನು ಅತ್ತೆಗೆ ಕೇಳುವ ಹಾಗೆಯೇ ಗೋಳಾಡಿದೆ. ಒಂದು ವಾರ ಕಳೆಯಿತು. ಒಂದು ಮುಂಜಾನೆ ಬಾಗಿಲಲ್ಲಿ ಟಾಂಗಾ ನಿಂತಿತು. ಅವ್ವ ಇಳಿದಳು, ಅವಳ ಹಿಂದೆ ಒಂದು ಚೀಲ ಜೋಳ, ಒಂದು ಡಬ್ಬಿ ತುಪ್ಪ, ಒಂದು ಸ್ಟೋವು ಇಳಿದವು. ಬೀಗರ ಮನೆಯ ಕಾಳು ಮುಟ್ಟುವುದಿಲ್ಲ, ತನ್ನ ಜೋಳದ ರೊಟ್ಟಿ ತಾನೇ ಮಾಡಿಕೊಂಡು ಮಗಳ ಹೆರಿಗೆ ಮಾಡಿ ಹೋಗುತ್ತೇನೆ ಎಂದಳು. ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಉರಿದವು. ಅತ್ತೆಯ ಒಲೆಯಿಂದ ಮಜ್ಜಿಗೆಸಾರು ಅವ್ವನ ತಾಟಿಗೆ ಯಾವಾಗ ಹೋಯಿತೋ, ಅವ್ವನ ಜೋಳ ಅತ್ತೆಯ ಡಬ್ಬಿಗೆ ಯಾವಾಗ ಸೇರಿತೋ ನಾನು ಕಾಣೆ. ಹದಿನೈದು ದಿನಕ್ಕೆ ಸ್ಟೋವು ಮೂಲೆ ಸೇರಿತ್ತು, ಇಬ್ಬರೂ ಸೇರಿ ನನ್ನನ್ನು ಬೈಯತೊಡಗಿದ್ದರು.

ನಾನು ಎಂಟು ತುಂಬಿದ ಹೊಟ್ಟೆ ಹೊತ್ತು ಕ್ಲಾಸಿಗೆ ಹೋದೆ. ಪ್ರಾಧ್ಯಾಪಕರು ನನಗಾಗಿ ತಮ್ಮ ಕೋಣೆಯ ಕುರ್ಚಿ ಹಾಕಿಸಿದರು. ಊರ ಹುಡುಗರು ನನ್ನ ಪುಸ್ತಕ ಹೊರುತ್ತಿದ್ದರು. ಪರೀಕ್ಷೆ ಬರೆದೆ. ಕೊನೆಯ ಪರೀಕ್ಷೆ ಮುಗಿದ ಹತ್ತನೆಯ ದಿನ ಮಗಳು ಹುಟ್ಟಿದಳು. ಆ ಹುಡುಗಿಯೇ ಮೊದಲು ಎತ್ತಿಕೊಂಡಳು, ಫ್ರೆಂಚಿನಲ್ಲಿ ಏನೇನೋ ಮುದ್ದಾಡಿದಳು. ಕೂಸಿಗೂ ಅಡ್ಮಿಷನ್ ಮಾಡಿಸುತ್ತೀಯೇನು ಎಂದು ಮಾವ ಅತ್ತೆಯನ್ನು ಕೇಳಿದರು. ಅವರು ಅಷ್ಟು ನಗುವುದನ್ನು ನಾನು ಅವತ್ತೇ ಕಂಡದ್ದು.

ಮೂರನೇ ವರ್ಷ ಕೂಸು ಅತ್ತೆಯ ಸೊಂಟದಲ್ಲಿ ಬೆಳೆಯಿತು, ನಾನು ಕಾಲೇಜಿನಲ್ಲಿ. ನಾನೂ ಆ ಹುಡುಗಿಯೂ ಬಿ.ಎ. ಪಾಸಾದೆವು. ಇಡೀ ಓಣಿಗೆ ಪೇಢೆ ಹಂಚಿದ್ದು ಮಾವನೇ. ಎದುರಿನ ಕಟ್ಟೆಯವರಿಗೆ ಎರಡೆರಡು ಕೊಟ್ಟು, ನಮ್ಮ ಸೊಸಿ ನಿಮ್ಮ ಭಾಷಾದಾಗ ನಿಮ್ಮ ಹುಡುಗರಗಿಂತ ಮುಂದ ಬಂದಾಳ ಎಂದು ಹೇಳಿ ಬಂದರು.

ಅವಳು ಹೊರಡುವ ದಿನ ನಾವೆಲ್ಲ ಬಸ್ ನಿಲ್ದಾಣಕ್ಕೆ ಹೋದೆವು. ಕೊಲ್ಹಾಪುರಕ್ಕೆ ಬಸ್ಸು, ಅಲ್ಲಿಂದ ಮುಂಬೈ, ಅಲ್ಲಿಂದ ವಿಮಾನ. ಮಾವ ಅವಳ ಟ್ರಂಕನ್ನು ಮೇಲೆ ಎಸೆದ ಕಂಡಕ್ಟರನಿಗೆ ಮರಾಠಿಯಲ್ಲಿ ಬೈಯುತ್ತಿದ್ದರು. ಅವಳು ಎಲ್ಲರ ಕಾಲಿಗೆ ಬಿದ್ದು ಕಿಟಕಿಯ ಹತ್ತಿರ ಕೂತಳು. ಪ್ರಾಧ್ಯಾಪಕರೂ ಬಂದಿದ್ದರು. ನಾನು ಅಳು ತಡೆಯಲು ಎಂದಿನಂತೆ ಛೇಡಿಸಿದೆ; ನನ್ನನ್ನು ಮರೆಯಬೇಡ, ನಾನಿಲ್ಲದಿದ್ದರೆ ನಿನಗೆಲ್ಲಿಯ ಡಿಗ್ರಿ ಎಂದೆ. ಪ್ರಾಧ್ಯಾಪಕರು ನಕ್ಕು, ಸಹಜವಾಗಿ, ನನಗೆ ಗೊತ್ತಿರುವುದೇ ಎಂಬಂತೆ ಮಾತು ಸೇರಿಸಿದರು. ಎರಡನೇ ವರ್ಷದ ದೀಪಾವಳಿಗೇ ಅವಳಿಗೆ ಕೊಲ್ಹಾಪುರದ ಕಾಲೇಜಿನಲ್ಲಿ ಜಾಗ ಸಿಕ್ಕಿತ್ತಂತೆ. ತುಂಬಿದ ಕ್ಲಾಸು, ಹಾಸ್ಟೆಲು, ಎಲ್ಲ ವಿಷಯ, ಪರವಾನಗಿಗೆ ಯಾವ ತೊಡಕೂ ಇಲ್ಲ. ವೇತನ ಕೊಡುವ ಕಚೇರಿಯವರೇ ಹೋಗು ಎಂದಿದ್ದರು, ಪ್ರಾಧ್ಯಾಪಕರೂ ಹೋಗು ಎಂದಿದ್ದರು. ಹುಡುಗಿ ಹೋಗಲಿಲ್ಲ.

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಡ್ರೈವರು ಎಂಜಿನ್ನು ಶುರುಮಾಡಿದ್ದ.

"ನಾ ಹೋಗಿದ್ರ ನಿಮ್ಮ ಕಾಲೇಜ್ ಬಂದ್ ಆಗತಿತ್ತಲ್ಲ, ವೈನಿ. ಅಪ್ಪಾರು ಹಂಗ ಹೇಳಿದ್ರಲ್ಲ."

ಅವಳು ಅಷ್ಟೇ ಹೇಳಿದಳು. ನಮ್ಮ ಅಡುಗೆಮನೆಯ ಕನ್ನಡದಲ್ಲಿ. ಬಸ್ಸು ತಿರುಗಿ ಹೆದ್ದಾರಿ ಹಿಡಿಯಿತು. ಎರಡು ವರ್ಷ ಅವಳಿಂದ ನೀರು ಸೇದಿಸಿದ್ದೆನಲ್ಲ, ಸ್ವಾರ್ಥಿ ಎಂದು ಮುಖ ತಿರುಗಿಸಿದ್ದೆನಲ್ಲ. ಅವಳನ್ನು ಎಳೆದು ಇಳಿಸಿ ಎರಡು ಬಾರಿಸಬೇಕು, ಆಮೇಲೆ ಅಪ್ಪಿಕೊಳ್ಳಬೇಕು ಅನ್ನಿಸಿತು. ನಿಲ್ದಾಣದ ನಡುವೆ ನಿಂತು ಯಾರ ಹಂಗೂ ಇಲ್ಲದೆ ಅತ್ತುಬಿಟ್ಟೆ.

ಗಂಡಸರು ಮುಂದೆ ಹೋದರು. ನಾನು, ಅತ್ತೆ ಹಿಂದೆ ನಡೆದು ಬರುತ್ತಿದ್ದೆವು. ಮಗಳು ಅತ್ತೆಯ ಸೊಂಟದಲ್ಲಿದ್ದಳು. ನಿಮಗೆ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು, ಅವಳು ನನ್ನನ್ನು ಕೇಳಿಯೇ ಬೇಡ ಅಂದಳು ಎಂದರು. ನನಗೆ ಸಿಟ್ಟು ಬಂತು. ಹಾಗಾದರೆ ಅವಳ ವೀಸಾ ಎಂದು ಹೇಳಿ ನನ್ನನ್ನು ಯಾಕೆ ಹಿಡಿದಿಟ್ಟಿರಿ, ಅವ್ವನ ಜೊತೆ ಯಾಕೆ ಜಗಳವಾಡಿದಿರಿ, ಸುಖವಾಗಿ ಶೇಡಬಾಳಕ್ಕೆ ಹೋಗಿ ಹಡೆದು ಬರುತ್ತಿದ್ದೆನಲ್ಲ ಎಂದು ಒಂದೇ ಸವನೆ ಕೇಳಿದೆ. ಅತ್ತೆ ಕೂಸಿನ ಟೊಪ್ಪಿಗೆ ಸರಿಮಾಡಿದರು.

"ನಾ ಮುಲ್ಕಿ ಪರೀಕ್ಷಾಕ್ಕ ಕುಂಡ್ರಾಕಿ ಇದ್ದೆ," ಎಂದರು. "ಚೊಚ್ಚಲ ಹೆರಿಗಿಗಂತ ತವರಿಗೆ ಹೋದೆ. ತಿರುಗಿ ಬಂದ ಮ್ಯಾಲ ಪುಸ್ತಕದ ಮಾತ ಯಾರೂ ತಗೀಲಿಲ್ಲ. ನಾನೂ ತಗೀಲಿಲ್ಲ."

ಅತ್ತೆ ಮುಲ್ಕಿಯವರೆಗೆ, ಅಂದರೆ ಏಳನೆಯ ಇಯತ್ತೆಯವರೆಗೆ, ಓದಿದವರೆಂಬುದು ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಅವರು ಮೊಮ್ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಹೊತ್ತು ಮುಳುಗುವುದರೊಳಗೆ ರೊಟ್ಟಿ ಆಗಬೇಕು, ಬೇಗ ಬೇಗ ನಡಿ ಎಂದರು.